ಬಂಡೆಗಳ ನಡುವೆ ಎರಡು ರಾತ್ರಿ: ಸದ್ದಿಲ್ಲದ ಕಲ್ಲಿನ ಪಾರ್ಕಿನಲ್ಲಿ ಟೆಂಟ್ ಹಾಕಿ ಉಳಿಯುವುದು ಹೇಗೆ?

ಬಂಡೆಗಳ ಪಾರ್ಕಿಗೆ ಹೋಗುವ ಹೆಚ್ಚಿನವರು ಅಲ್ಲಿರುವುದು ಮಧ್ಯಾಹ್ನದ ಹೊತ್ತಿನಲ್ಲಿ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಕಲ್ಲೆಲ್ಲ ಒಂದೇ ಬಣ್ಣ. ನಾಲ್ಕು ಫೋಟೊ ತೆಗೆದು, ಒಂದು ಸುತ್ತು ಹಾಕಿ ವಾಪಸ್ ಹೊರಡುತ್ತಾರೆ. ಅದೇ ಬಂಡೆಯನ್ನು ಸಂಜೆಯ ಓರೆ ಬಿಸಿಲಲ್ಲಿ ನೋಡಬೇಕು. ಒಂದೊಂದು ಪದರ, ಒಂದೊಂದು ಗುಳಿ, ಗಾಳಿ ಮಳೆ ಕೊರೆದ ಒಂದೊಂದು ಗೆರೆ ಎದ್ದು ಕಾಣುತ್ತದೆ. ಕತ್ತಲಾದ ಮೇಲೆ ಬೆನ್ನು ಕೊಟ್ಟು ಕೂತರೆ, ಬಂಡೆ ಹಗಲೆಲ್ಲ ಹೀರಿಕೊಂಡ ಬಿಸಿ ಅಂಗಿ ದಾಟಿ ಮೈಗೆ ತಾಗುತ್ತದೆ. ಇದೆಲ್ಲ ಸಿಗುವುದು ಅಲ್ಲೇ ಉಳಿದವರಿಗೆ.

ಉಳಿಯುವುದಾದರೆ ಎರಡು ರಾತ್ರಿ ಉಳಿಯಿರಿ. ಮೊದಲ ರಾತ್ರಿ ಟೆಂಟು, ಒಲೆ, ನೀರು ಅಂತ ಓಡಾಟದಲ್ಲೇ ಕಳೆದುಹೋಗುತ್ತದೆ. ಊರಿನ ಗದ್ದಲ ಕಿವಿಯಿಂದ ಇಳಿಯುವುದಕ್ಕೂ ಒಂದು ದಿನ ಬೇಕು. ಎರಡನೇ ದಿನ ಬೆಳಗ್ಗೆ ಎದ್ದಾಗ ಆ ಜಾಗದ ಮೌನ ನಿಜವಾಗಿ ಕೇಳಿಸುತ್ತದೆ. ಈ ಬರಹ ಆ ಎರಡನೇ ಬೆಳಗ್ಗೆಗೆ ನೆಮ್ಮದಿಯಾಗಿ ತಲುಪುವುದು ಹೇಗೆ ಅನ್ನುವುದರ ಬಗ್ಗೆ.

ಮೊದಲು: ಅಲ್ಲಿರುವುದು ಯಾವ ಕಲ್ಲು?

ಪಾರ್ಕನ್ನು ಆರಿಸಿದ ಕೂಡಲೇ ನಾನು ನೋಡುವುದು ಅಲ್ಲಿನ ಕಲ್ಲಿನ ಜಾತಿ. ಎಲ್ಲಿ ಕಾಲಿಡಬಹುದು, ಎಲ್ಲಿ ಮಲಗಬಹುದು, ಮಳೆ ಬಂದರೆ ಏನಾಗುತ್ತದೆ, ಎಲ್ಲವೂ ಅದರ ಮೇಲೆ ನಿಂತಿದೆ.

ಗ್ರಾನೈಟ್ ಗಟ್ಟಿ, ಒರಟು. ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಹೋಳಿನ ಮೇಲೆ ಭಾರ ಹಾಕಬೇಡಿ.

ಮರಳುಗಲ್ಲು ಇದಕ್ಕಿಂತ ನಾಜೂಕು. ಕಮಾನು, ಕಂಬ, ಅಣಬೆಯಂಥ ಆಕಾರ ಜಾಸ್ತಿ ಸಿಗುವುದು ಇದರಲ್ಲೇ. ಅಮೆರಿಕದ ಯೂಟಾದಲ್ಲಿರುವ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ 2,000ಕ್ಕೂ ಹೆಚ್ಚು ಕಮಾನುಗಳಿವೆ. ಅವುಗಳಲ್ಲಿ ವಾಲ್ ಆರ್ಚ್ ಅನ್ನುವ ದೊಡ್ಡ ಕಮಾನು 2008ರ ಆಗಸ್ಟ್‌ನಲ್ಲಿ ಒಂದು ರಾತ್ರಿ ತಾನಾಗಿಯೇ ಕುಸಿದುಬಿತ್ತು. ಮರಳಿನ ಕಣಗಳನ್ನು ಹಿಡಿದಿಟ್ಟಿರುವ ಅಂಟು ನೀರು ಕುಡಿದರೆ ಸಡಿಲವಾಗುತ್ತದೆ. ಹಾಗಾಗಿ ಮಳೆ ಬಂದ ಮೇಲೆ ಒಂದರಿಂದ ಮೂರು ದಿನ ಮರಳುಗಲ್ಲನ್ನು ಹತ್ತಬಾರದು. ಮೇಲ್ಭಾಗ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಪಕ್ಕದ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿ. ಮಣ್ಣು ಹಸಿಯಾಗಿದ್ದರೆ ಕಲ್ಲೂ ಹಸಿಯೇ.

ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲುಗಳೂ ಇವೆ. ಅಮೆರಿಕದ ನ್ಯೂ ಮೆಕ್ಸಿಕೊದ ಸಿಟಿ ಆಫ್ ರಾಕ್ಸ್ ಪಾರ್ಕ್ ಅಂಥದ್ದು. ಸುಮಾರು 3.5 ಕೋಟಿ ವರ್ಷದ ಹಿಂದಿನ ಬೂದಿ ಅಲ್ಲಿ ಕಂಬಗಳಾಗಿ ನಿಂತಿದೆ. ಕಂಬಗಳ ನಡುವೆಯೇ ಪಾರ್ಕಿನವರು ಗುರುತು ಮಾಡಿದ ಟೆಂಟ್ ಜಾಗಗಳಿವೆ. ಟರ್ಕಿಯ ಕಪಡೋಕಿಯಾದ ಗೋಪುರಗಳೂ ಬೂದಿಯಿಂದ ಆದವೇ. ಚೀನಾದ ಶಿಲಿನ್‌ನಲ್ಲಿರುವುದು ಸುಣ್ಣಕಲ್ಲು. ಸುಣ್ಣಕಲ್ಲಿನ ಅಂಚು ಎಷ್ಟೋ ಕಡೆ ಚಾಕುವಿನಷ್ಟು ಚೂಪಾಗಿರುತ್ತದೆ, ಸವೆದಲ್ಲಿ ಜಾರುತ್ತದೆ. ಬಸಾಲ್ಟ್ ಅಂದರೆ ಲಾವಾ ಆರಿ ಆದ ಕಲ್ಲು, ಆರಿ ಕುಗ್ಗುವಾಗ ಅದು ಕೆಲವು ಕಡೆ ಆರು ಮೂಲೆಯ ಕಂಬಗಳಾಗಿ ಬಿರುಕು ಬಿಡುತ್ತದೆ. ಉತ್ತರ ಐರ್ಲೆಂಡ್‌ನ ಜೈಂಟ್ಸ್ ಕಾಸ್‌ವೇಯಲ್ಲಿ ಅಂಥ ಸುಮಾರು 40,000 ಕಂಬಗಳಿವೆ. ಒದ್ದೆಯಾದರೆ ಅವುಗಳ ಮೇಲೆ ನಡೆಯುವುದು ಕಷ್ಟ.

ಯಾವಾಗ ಹೋಗುವುದು

ವಾರದ ನಡುವೆ, ರಜೆಗಳಿಲ್ಲದಾಗ. ಮೌನ ಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಶನಿವಾರ ತುಂಬಿ ತುಳುಕುವ ಪಾರ್ಕ್ ಮಂಗಳವಾರ ಖಾಲಿ ಇರುತ್ತದೆ.

ಇನ್ನು ಚಂದ್ರನನ್ನು ನೋಡಿಕೊಳ್ಳಿ. ನಕ್ಷತ್ರ ಬೇಕೆಂದರೆ ಅಮಾವಾಸ್ಯೆಯ ಆಸುಪಾಸು ಹೋಗಿ. ಬಂಡೆಗಳ ಆಕಾರ ಬೇಕೆಂದರೆ ಹುಣ್ಣಿಮೆಗೆ ಎರಡು ದಿನ ಮುಂಚೆ. ನನಗೆ ಎರಡನೆಯದೇ ಇಷ್ಟ. ಬೆಳದಿಂಗಳಲ್ಲಿ ಬಂಡೆಯ ನೆರಳು ಮರಳಿನ ಮೇಲೆ ನಿಧಾನಕ್ಕೆ ಸರಿಯುವುದನ್ನು ಟಾರ್ಚ್ ಇಲ್ಲದೆ ನೋಡಬಹುದು.

ಬೇಸಿಗೆಯ ನಡುಭಾಗ ಬೇಡ. ಹಗಲು ಕಾದ ಬಂಡೆ ನಡುರಾತ್ರಿಯವರೆಗೂ ಬಿಸಿ ಬಿಡುತ್ತಲೇ ಇರುತ್ತದೆ, ನಿದ್ದೆ ಬರುವುದಿಲ್ಲ. ಚಳಿಗಾಲದಲ್ಲಿ ಅದೇ ಗುಣ ಒಳ್ಳೆಯದು, ಆದರೆ ಹಿಮ ಬೀಳುವ ಕಡೆ ಬೇರೆ ಅಪಾಯ ಇದೆ. ಸಂದಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಬೆಳಗ್ಗೆ ಮಂಜುಗಡ್ಡೆ ಕರಗುವ ಹೊತ್ತಿಗೆ ಹೋಳುಗಳು ಉದುರುತ್ತವೆ. ಆ ಹೊತ್ತಲ್ಲಿ ಗೋಡೆಯಂಥ ಬಂಡೆಗಳ ಬುಡದಲ್ಲಿ ನಿಲ್ಲಬೇಡಿ. ಗಿಡುಗ, ಹದ್ದುಗಳು ಬಂಡೆಯ ಅಂಚಿನಲ್ಲಿ ಗೂಡು ಕಟ್ಟುವ ಕಾಲದಲ್ಲಿ ಕೆಲವು ದಾರಿಗಳನ್ನು ಮುಚ್ಚಿರುತ್ತಾರೆ. ಹೊರಡುವ ಮುಂಚೆ ಪಾರ್ಕಿಗೆ ಒಂದು ಫೋನ್ ಮಾಡಿ ಮೂರು ವಿಷಯ ಕೇಳಿ: ಯಾವ ದಾರಿ ಮುಚ್ಚಿದೆ, ಕುಡಿಯುವ ನೀರು ಸಿಗುತ್ತದಾ, ಬೆಂಕಿ ಹಚ್ಚಲು ಬಿಡುತ್ತಾರಾ?

ಏನೇನು ಒಯ್ಯಬೇಕು

ಪೂರ್ತಿ ಪಟ್ಟಿ ಕೊಡುವುದಿಲ್ಲ. ಬಟ್ಟೆ, ಔಷಧಿ ನಿಮಗೆ ಗೊತ್ತೇ ಇದೆ. ಕಲ್ಲಿನ ಜಾಗಕ್ಕೆ ಅಂತಲೇ ಬೇಕಾದವನ್ನಷ್ಟೇ ಹೇಳುತ್ತೇನೆ.

ನೀರು ಎಲ್ಲಕ್ಕಿಂತ ಮುಖ್ಯ. ಬಂಡೆಯ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ಹಾಗಾಗಿ ಇಂಥ ಪಾರ್ಕುಗಳಲ್ಲಿ ನೀರಿನ ಸೆಲೆ ಅಪರೂಪ. ಬಿಸಿಲಿನ ದಿನ ಒಬ್ಬರಿಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 4 ಲೀಟರ್ ಲೆಕ್ಕ ಹಾಕಿ. ಎರಡು ರಾತ್ರಿ ಅಂದರೆ ಎರಡೂವರೆ ದಿನ, ಇಬ್ಬರಿದ್ದರೆ ಸುಮಾರು 20 ಲೀಟರ್. ಒಂದೇ ದೊಡ್ಡ ಕ್ಯಾನ್ ಬೇಡ, ಅದು ಸೋರಿದರೆ ಎಲ್ಲವೂ ಹೋಯಿತು. ನಾಲ್ಕೈದು ಪಾತ್ರೆಗಳಲ್ಲಿ ಹಂಚಿ ತುಂಬಿಸಿ. ಬಂಡೆಯ ಗುಳಿಯಲ್ಲಿ ನಿಂತ ನೀರನ್ನು ಮುಟ್ಟಬೇಡಿ. ಸಣ್ಣ ಜೀವಿಗಳು ಅದರಲ್ಲೇ ಬದುಕುತ್ತವೆ, ಸನ್‌ಸ್ಕ್ರೀನ್ ಹಚ್ಚಿದ ಕೈ ಅದ್ದಿದರೂ ಅವಕ್ಕೆ ಕೇಡು. ಹರಿಯುವ ತೊರೆಯ ನೀರು ಸಿಕ್ಕರೆ ಒಂದು ನಿಮಿಷ ಕೊತಕೊತ ಕುದಿಸಿ ಕುಡಿಯಿರಿ. 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಟೆಂಟು ಗೂಟದ ಆಸರೆ ಇಲ್ಲದೆ, ತನ್ನ ಕಡ್ಡಿಗಳ ಮೇಲೇ ನಿಲ್ಲುವಂಥದ್ದಾಗಿರಲಿ. ಜೊತೆಗೆ 20 ಮೀಟರ್ ಸಣ್ಣ ಹಗ್ಗ, ನಾಲ್ಕು ಗಟ್ಟಿ ಬಟ್ಟೆಯ ಚೀಲ. ಇವುಗಳ ಕೆಲಸ ಮುಂದೆ ಹೇಳುತ್ತೇನೆ. ಟೆಂಟಿನ ಅಡಿ ಹಾಸಲು ದಪ್ಪ ಟಾರ್ಪಾಲ್, ಮಲಗಲು ದಪ್ಪ ಮ್ಯಾಟ್. ಚಪ್ಪಡಿ ಕಲ್ಲು ರಾತ್ರಿಯ ಕೊನೆಯ ಹೊತ್ತಿಗೆ ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ತಲೆಗೆ ಕಟ್ಟುವ ಟಾರ್ಚ್, ಅದರಲ್ಲಿ ಕೆಂಪು ಬೆಳಕು ಇದ್ದರೆ ಒಳ್ಳೆಯದು. ಒಂದು ಸೀಟಿ. ಕಾಗದದ ನಕ್ಷೆ, ಯಾಕೆಂದರೆ ಬಂಡೆಗಳ ಓಣಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಷ್ಟ.

ಜಾಗ ಆರಿಸುವುದು

ಸೂರ್ಯ ಮುಳುಗುವ ಮೂರು ಗಂಟೆ ಮುಂಚೆ ತಲುಪಿ. ಕತ್ತಲಲ್ಲಿ ಆರಿಸಿದ ಜಾಗ ಬಹುತೇಕ ತಪ್ಪಾಗಿರುತ್ತದೆ. ಪಾರ್ಕಿನವರು ಗುರುತು ಮಾಡಿದ ಜಾಗ ಇದ್ದರೆ ಅಲ್ಲೇ ಹಾಕಿ. ನೀವೇ ಆರಿಸಬೇಕಾದ ಕಡೆ ಸಾಮಾನು ಇಳಿಸುವ ಮುಂಚೆ ಮೂರು ಸಲ ನೋಡಿ.

ಮೊದಲು ಮೇಲೆ. ತಲೆಯ ಮೇಲೆ ಬಂಡೆ ಚಾಚಿಕೊಂಡಿದೆಯಾ? ನೆಲದ ಮೇಲೆ ಹೊಸ ಹೋಳುಗಳಿವೆಯಾ? ಹಳೆಯ ಕಲ್ಲಿನ ಮೈ ಕಪ್ಪಾಗಿ, ಮಂಕಾಗಿ ಇರುತ್ತದೆ. ಇತ್ತೀಚೆಗೆ ಬಿದ್ದದ್ದು ತಿಳಿ ಬಣ್ಣ, ಅಂಚು ಚೂಪು. ಅಂಥ ಹೋಳು ಕಂಡರೆ ಬೇರೆ ಜಾಗ ನೋಡಿ. ಚಾಚಿದ ಬಂಡೆಯ ಕೆಳಗೆ ಮಲಗಲು ಎಲ್ಲರಿಗೂ ಆಸೆ, ನನಗೂ ಆಸೆಯೇ. ಆದರೆ ಅದು ಬೇಡ.

ಆಮೇಲೆ ಕೆಳಗೆ. ನೆಲ ತಟ್ಟೆಯ ಹಾಗೆ ತಗ್ಗಾಗಿದೆಯಾ? ಪೊದೆಗಳಲ್ಲಿ ಮೊಣಕಾಲ ಎತ್ತರಕ್ಕೆ ಒಣಹುಲ್ಲು, ಕಡ್ಡಿ ಸಿಕ್ಕಿಕೊಂಡಿದೆಯಾ? ಹಾಗಿದ್ದರೆ ನೀರು ಅಲ್ಲಿಯವರೆಗೆ ಏರಿತ್ತು ಅಂತ ಅರ್ಥ. ಎರಡು ಬಂಡೆಗಳ ನಡುವಿನ ಕಿರಿದಾದ ಓಣಿಯಲ್ಲಂತೂ ಟೆಂಟ್ ಹಾಕಲೇಬೇಡಿ. 1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾದಲ್ಲಿ ಆಂಟಲೋಪ್ ಅನ್ನುವ ಇಂಥದ್ದೇ ಕಿರಿದಾದ ಕಣಿವೆಯಲ್ಲಿ 11 ಪ್ರವಾಸಿಗರು ದಿಢೀರ್ ಪ್ರವಾಹಕ್ಕೆ ಸಿಕ್ಕಿ ಸತ್ತರು. ಮಳೆ ಸುರಿದದ್ದು ಹಲವು ಮೈಲಿ ದೂರದಲ್ಲಿ. ನಿಮ್ಮ ತಲೆಯ ಮೇಲೆ ಆಕಾಶ ನೀಲಿಯಾಗಿದೆ ಅಂದರೆ ಓಣಿ ಸುರಕ್ಷಿತ ಅಂತ ಅಲ್ಲ.

ಕೊನೆಗೆ ಕಾಲ ಕೆಳಗಿನ ಮಣ್ಣು. ಒಣ ಪ್ರದೇಶಗಳಲ್ಲಿ ನೆಲದ ಮೇಲೆ ಕಪ್ಪಗೆ ಗಂಟುಗಂಟಾದ ಹೊಪ್ಪಳೆಯಂಥ ಪದರ ಇರುತ್ತದೆ. ಮಣ್ಣು ಸುಟ್ಟಿದೆಯೇನೋ ಅನ್ನಿಸುತ್ತದೆ. ಅದು ಜೀವಂತ. ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮಣ್ಣನ್ನು ಹೆಣೆದು ಹಿಡಿದಿರುತ್ತವೆ. ಒಂದು ಹೆಜ್ಜೆ ಬಿದ್ದ ಗಾಯ ಮಾಯಲು ಹತ್ತಾರು ವರ್ಷ ಬೇಕಾಗಬಹುದು. ಹಾಗಾಗಿ ಬರೀ ಕಲ್ಲು, ಜಲ್ಲಿ, ಸಡಿಲ ಮರಳಿನ ಮೇಲೆ ಮಾತ್ರ ನಡೆಯಿರಿ, ಮಲಗಿ. ನೀರಿನ ಸೆಲೆ ಇದ್ದರೆ ಅದರಿಂದ 60 ಮೀಟರ್, ಅಂದರೆ ಸುಮಾರು ಎಂಬತ್ತು ಹೆಜ್ಜೆ ದೂರ ಇರಿ. ರಾತ್ರಿ ಪ್ರಾಣಿಗಳು ನೀರಿಗೆ ಬರುವ ದಾರಿ ಅದು.

ಗೂಟ ಇಳಿಯದ ನೆಲದಲ್ಲಿ ಟೆಂಟ್ ನಿಲ್ಲಿಸುವುದು

ನನ್ನ ಮೊದಲ ಸಲದ ಅನುಭವ ಹೇಳುತ್ತೇನೆ. ಗೂಟ ಎರಡು ಬೆರಳಿನಷ್ಟು ಇಳಿಯಿತು, ಆಮೇಲೆ ಟಣ್ ಅಂತ ನಿಂತಿತು. ಅಡಿಯಲ್ಲೆಲ್ಲ ಚಪ್ಪಡಿ. ಮುಷ್ಟಿ ಗಾತ್ರದ ಕಲ್ಲುಗಳನ್ನು ಹುಡುಕಿ ಹಗ್ಗ ಕಟ್ಟಿ ಮಲಗಿದೆ. ನಡುರಾತ್ರಿ ಗಾಳಿ ಎದ್ದಿತು. ಕಟ್ಟಿದ ಕಲ್ಲುಗಳು ಚಪ್ಪಡಿಯ ಮೇಲೆ ಕರಕರ ಎಳೆದುಕೊಂಡು ಬರುವ ಸದ್ದು. ಬೆಳಗಾಗುವವರೆಗೂ ಒಳಗಿಂದ ಕಡ್ಡಿ ಹಿಡಿದು ಕೂತಿದ್ದೆ. ಬಂಡೆಗಳ ಓಣಿಯಲ್ಲಿ ಗಾಳಿ ಕಿರಿದಾದ ಕಡೆ ನುಗ್ಗುವಾಗ ಜೋರಾಗುತ್ತದೆ. ಬಯಲಲ್ಲಿ ಸುಮ್ನೆ ಬೀಸುವ ಗಾಳಿ ಅಲ್ಲಿ ಟೆಂಟನ್ನೇ ಎತ್ತುತ್ತದೆ.

ಈಗ ಮಾಡುವುದು ಹೀಗೆ. ಮೊದಲು ಚೂಪು ಹರಳುಗಳನ್ನು ಕೈಯಿಂದ ಸವರಿ ಪಕ್ಕಕ್ಕೆ ಸರಿಸಿ, ಟಾರ್ಪಾಲ್ ಹಾಸುತ್ತೇನೆ. ಅದು ಟೆಂಟಿನ ಅಂಚಿನಿಂದ ಹೊರಗೆ ಇಣುಕಬಾರದು. ಇಣುಕಿದರೆ ಮಳೆನೀರು ಹಿಡಿದು ಒಳಗೆ ಕಳಿಸುತ್ತದೆ. ಟೆಂಟಿನ ಚಿಕ್ಕ ಬದಿಯನ್ನು ಗಾಳಿಗೆ ಎದುರಾಗಿ ಇಡುತ್ತೇನೆ, ಬಾಗಿಲು ಅದರ ಎದುರು ಬದಿಗೆ. ಆಮೇಲೆ ಹಗ್ಗದ ತುದಿಯನ್ನು ತೆಂಗಿನಕಾಯಿ ಗಾತ್ರದ ಒಂದು ಕಲ್ಲಿಗೆ ಸುತ್ತಿ ಗಂಟು ಹಾಕಿ ನೆಲದ ಮೇಲಿಡುತ್ತೇನೆ. ಆ ಕಲ್ಲಿನ ಮುಂದೆ, ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ ಇನ್ನೊಂದು ದೊಡ್ಡ ಕಲ್ಲು. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ಹೋಗಿ ದೊಡ್ಡ ಕಲ್ಲಿಗೆ ಸಿಕ್ಕಿ ಬಿಗಿಯಾಗುತ್ತದೆ. ಒಂದೇ ಕಲ್ಲಿಗೆ ಕಟ್ಟುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಒಂದು ಸಲ ಎಳೆದು ನೋಡಿದರೆ ತಿಳಿಯುತ್ತದೆ. ಹಗ್ಗ ಉಜ್ಜುವ ಕಡೆ ಕಲ್ಲಿನ ಅಂಚು ಚೂಪಾಗಿದ್ದರೆ ಒಂದು ಚಿಂದಿ ಬಟ್ಟೆ ಇಡಿ.

ಕಲ್ಲೆತ್ತುವ ಮುಂಚೆ ಕಡ್ಡಿಯಿಂದಲೋ ಶೂ ತುದಿಯಿಂದಲೋ ಉರುಳಿಸಿ ನೋಡಿ. ಅಡಿಯಲ್ಲಿ ಚೇಳು, ಹಾವು ಇರಬಹುದು. ಹುಗಿದ ಕಲ್ಲನ್ನು ಕೀಳಬೇಡಿ, ಸಡಿಲವಾಗಿ ಬಿದ್ದದ್ದನ್ನೇ ತೆಗೆದುಕೊಳ್ಳಿ. ಸುತ್ತ ಸಡಿಲ ಕಲ್ಲೇ ಇಲ್ಲದಿದ್ದರೆ ಆ ನಾಲ್ಕು ಬಟ್ಟೆಯ ಚೀಲಕ್ಕೆ ಮರಳು ತುಂಬಿ ಮೂಲೆಗಳಿಗೆ ಕಟ್ಟಿ.

ಅಡುಗೆ, ಬೆಂಕಿ, ಶೌಚ

ಬಂಡೆಗೆ ಒತ್ತಿ ಬೆಂಕಿ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮಸಿ ಹಿಡಿದ ಬಂಡೆ ನಮ್ಮ ಕಾಲದಲ್ಲಿ ತೊಳೆದುಹೋಗುವುದಿಲ್ಲ. ಬಿಸಿಗೆ ಕಲ್ಲಿನ ಮೇಲ್ಪದರ ಸಿಡಿದು ಕಿತ್ತುಬರುತ್ತದೆ. ಒಳಗೆ ನೀರಿನ ಪಸೆ ಇರುವ ಕಲ್ಲು ಪಟಾರ್ ಅಂತ ಒಡೆದು ಚೂರು ಹಾರುವುದೂ ಉಂಟು. ಗ್ಯಾಸ್ ಒಲೆ ಸಾಕು. ಅದನ್ನು ಬರೀ ಚಪ್ಪಡಿಯ ಮೇಲೆ, ಗಾಳಿಗೆ ಮರೆಯಾಗಿ ಇಡಿ. ಟೆಂಟಿನ ಒಳಗೆ ಮಾತ್ರ ಎಂಥ ಚಳಿ ಇದ್ದರೂ ಒಲೆ ಹಚ್ಚಬೇಡಿ. ಒಲೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ವಿಷದ ಅನಿಲ, ಅದಕ್ಕೆ ವಾಸನೆ ಇಲ್ಲ.

ಊಟ ಮುಗಿದ ಮೇಲೆ ತಿನ್ನುವ ಪದಾರ್ಥವನ್ನೆಲ್ಲ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಕಾರಿನಲ್ಲೋ ಪಾರ್ಕಿನವರು ಕೊಟ್ಟ ಪೆಟ್ಟಿಗೆಯಲ್ಲೋ ಇಡಿ. ಬಂಡೆಯ ಸಂದುಗಳಲ್ಲಿ ಇಲಿಗಳು ಬಹಳ. ಒಂದು ಬಿಸ್ಕತ್ತಿನ ವಾಸನೆಗೆ ಬ್ಯಾಗನ್ನೇ ಕಡಿಯುತ್ತವೆ.

ಶೌಚಾಲಯ ಇಲ್ಲದ ಕಡೆ ನೀರು, ದಾರಿ, ಟೆಂಟುಗಳಿಂದ 60 ಮೀಟರ್ ದೂರ ಹೋಗಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಮಣ್ಣೇ ಇಲ್ಲದ ಕಡೆ ಮುಚ್ಚಿಟ್ಟು ಒಯ್ಯುವ ಚೀಲ ಬೇಕು. ಕೆಲವು ಪಾರ್ಕುಗಳಲ್ಲಿ ಅದು ಕಡ್ಡಾಯ. ಕಾಗದವನ್ನು ಹೇಗಿದ್ದರೂ ವಾಪಸ್ ತನ್ನಿ.

ಬಂಡೆಗಳ ನಡುವೆ ನಡೆದಾಡುವುದು

ಹತ್ತುವುದು ಸುಲಭ, ಇಳಿಯುವುದು ಕಷ್ಟ. ಹತ್ತುವಾಗ ಹಿಡಿತ ಕಣ್ಣೆದುರು ಇರುತ್ತದೆ, ಇಳಿಯುವಾಗ ಕಾಲಿಡುವ ಜಾಗ ಹೊಟ್ಟೆಯ ಮರೆಗೆ ಹೋಗುತ್ತದೆ. ಹಾಗಾಗಿ ಎದೆಯೆತ್ತರ ಹತ್ತಿದ ಕೂಡಲೇ ಒಮ್ಮೆ ಇಳಿದು ನೋಡಿ. ಇಳಿಯಲು ಬಂದರೆ ಮುಂದೆ ಹತ್ತಿ. ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಬಂಡೆಗೆ ತಾಗಿರಲಿ. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬೇಡಿ, ಬಿಸಿಲಿಗೆ ಮೈ ಕಾಯಿಸಲು ಬಂದ ಹಾವು ಅಲ್ಲಿರಬಹುದು. ದಾರಿ ತಪ್ಪಿದರೆ ನಿಂತುಬಿಡಿ. ಮೂರು ಸಲ ಸೀಟಿ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಕಷ್ಟದಲ್ಲಿದ್ದೇವೆ ಅನ್ನುವುದಕ್ಕೆ ಚಾರಣಿಗರಿಗೆ ಗೊತ್ತಿರುವ ಸಂಜ್ಞೆ ಅದು.

ಒಂದು ಕೆಲಸ ತಪ್ಪದೆ ಮಾಡಿ. ಒಂದು ಬಂಡೆಯ ಮುಂದೆ ಮೂಗು ತಾಗುವಷ್ಟು ಹತ್ತಿರ ಕೂತುಕೊಳ್ಳಿ. ದೂರದಿಂದ ಬೂದು ಬಣ್ಣ ಅನ್ನಿಸಿದ್ದು ಹತ್ತಿರದಿಂದ ಹಳದಿ, ಕಿತ್ತಳೆ, ಹಸಿರು ಮಚ್ಚೆಗಳಾಗುತ್ತದೆ. ಅದು ಕಲ್ಲುಹೂವು. ಕಪ್ಪು ಗೆರೆಯ ಹಳದಿ ಹಸಿರು ಮಚ್ಚೆ ಕಂಡರೆ ಅದು ನಕ್ಷೆ ಕಲ್ಲುಹೂವು ಇರಬಹುದು. ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಬೆಳೆಯುತ್ತದೆ. ಅಂಗೈ ಅಗಲದ ಮಚ್ಚೆ ಅಂದರೆ ಅದಕ್ಕೆ ಎಷ್ಟು ವಯಸ್ಸಾಗಿರಬೇಕು, ಯೋಚಿಸಿ. ಇದನ್ನು ನೋಡಿದ ಮೇಲೆ ಅದರ ಮೇಲೆ ಶೂ ಇಡಲು ನನಗೆ ಮನಸ್ಸಾಗಿಲ್ಲ.

ಇದೇ ಕಾರಣಕ್ಕೆ ಬಂಡೆಯ ಮೇಲೆ ಹೆಸರು ಕೆತ್ತುವುದು, ಕಲ್ಲು ಒಂದರ ಮೇಲೊಂದು ಪೇರಿಸುವುದು, ತೂಗುವ ಬಂಡೆಯನ್ನು ತಳ್ಳಿ ನೋಡುವುದು ಬೇಡ. 2013ರಲ್ಲಿ ಯೂಟಾದ ಗಾಬ್ಲಿನ್ ವ್ಯಾಲಿ ಪಾರ್ಕಿನಲ್ಲಿ ಕೆಲವರು ಪುರಾತನ ಕಲ್ಲಿನ ಕಂಬವೊಂದನ್ನು ತಳ್ಳಿ ಬೀಳಿಸಿ, ಅದರ ವಿಡಿಯೊ ಮಾಡಿದರು. ಕೆಲವೇ ಸೆಕೆಂಡಿನ ಕೆಲಸ. ಮತ್ತೆ ಅದನ್ನು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ, ಅಲ್ವಾ? ಹಳೆಯ ಕಾಲದ ಚಿತ್ರಗಳಿರುವ ಬಂಡೆ ಸಿಕ್ಕರೆ ಕಣ್ಣಲ್ಲೇ ನೋಡಿ. ಬೆರಳಿನ ಎಣ್ಣೆಯೂ ಬಣ್ಣವನ್ನು ಕೆಡಿಸುತ್ತದೆ.

ಗುಡುಗು ಕೇಳಿದರೆ

ಮೊದಲ ಗುಡುಗಿಗೇ ಇಳಿಯಿರಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ. ಬಂಡೆಯ ತುದಿ, ಒಂಟಿ ಮರ ಎರಡೂ ಅಪಾಯ. ಆಳವಿಲ್ಲದ ಗವಿ, ಚಾಚಿದ ಬಂಡೆಯ ಅಡಿ ಕೂಡ ಅಪಾಯವೇ, ಕಲ್ಲಿನ ಮೈ ಮೇಲೆ ಹರಿದ ವಿದ್ಯುತ್ ಅಲ್ಲಿ ಹಾರುತ್ತದೆ. ಟೆಂಟು ಕಾಪಾಡುವುದಿಲ್ಲ. ಕಿಟಕಿ ಏರಿಸಿದ ಕಾರು ಕಾಪಾಡುತ್ತದೆ. ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಿ.

ಮೌನಕ್ಕೆ ಕಿವಿ ಕೊಡುವುದು

ಬಂಡೆಗಳು ಸದ್ದನ್ನು ನುಂಗುವುದಿಲ್ಲ, ತಿರುಗಿಸಿ ಎಸೆಯುತ್ತವೆ. ಸುಮಾರು 17 ಮೀಟರ್ ಆಚೆ ದೊಡ್ಡ ಬಂಡೆಗೋಡೆ ಇದ್ದರೆ ನಿಮ್ಮ ಚಪ್ಪಾಳೆಯೇ ಪ್ರತಿಧ್ವನಿಯಾಗಿ ವಾಪಸ್ ಬರುತ್ತದೆ. ಅಂಥ ಕಡೆ ಮಾತು, ಕಾರಿನ ಬಾಗಿಲು, ಟೆಂಟಿನ ಜಿಪ್ ಸದ್ದು ಕೂಡ ಪಕ್ಕದ ಓಣಿಯವರಿಗೆ ತಲುಪುತ್ತದೆ. ಸ್ಪೀಕರ್ ಮನೆಯಲ್ಲೇ ಇರಲಿ. ಕಾರಿನ ಕೆಲಸವನ್ನೆಲ್ಲ ಕತ್ತಲಾಗುವ ಮುಂಚೆ ಮುಗಿಸಿ.

ಮೌನವನ್ನು ಅಳೆಯಲು ಒಂದು ಸರಳ ದಾರಿ ಇದೆ. ಗಡಿಯಾರ ಹಿಡಿದು ಕೂತು, ಮನುಷ್ಯರು ಮಾಡಿದ ಒಂದು ಸದ್ದಿನಿಂದ ಇನ್ನೊಂದು ಸದ್ದಿನವರೆಗೆ ಎಷ್ಟು ನಿಮಿಷ ಅಂತ ನೋಡುವುದು. ವಿಮಾನ, ಹೆದ್ದಾರಿ, ಜನರೇಟರ್ ಎಲ್ಲ ಲೆಕ್ಕಕ್ಕೆ ಬರುತ್ತವೆ. ಸಂಜೆ ಒಮ್ಮೆ, ಬೆಳಗಿನ ಜಾವ ಒಮ್ಮೆ ಮಾಡಿ. ಹದಿನೈದು ನಿಮಿಷ ಪೂರ್ತಿ ಏನೂ ಕೇಳದಿದ್ದರೆ ಒಳ್ಳೆಯ ಜಾಗ ಸಿಕ್ಕಿದೆ ಅಂದುಕೊಳ್ಳಿ. ಈಗ ಮೌನವನ್ನೇ ಉಳಿಸಲು ದುಡಿಯುವ ಸಂಸ್ಥೆಗಳೂ ಇವೆ. ಕ್ವಯಟ್ ಪಾರ್ಕ್ಸ್ ಇಂಟರ್‌ನ್ಯಾಷನಲ್ 2019ರಲ್ಲಿ ಈಕ್ವೆಡಾರ್‌ನ ಜಬಾಲೊ ನದಿಯ ಕಾಡನ್ನು ಮೌನ ಉಳಿದಿರುವ ಮೊದಲ ಕಾಡು ಪ್ರದೇಶ ಅಂತ ಗುರುತಿಸಿತು.

ಕತ್ತಲಾದ ಮೇಲೆ ಟಾರ್ಚ್ ಆರಿಸಿ, ಫೋನ್ ಒಳಗಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಸಲ ಬಿಳಿ ಬೆಳಕು ಬಿದ್ದರೆ ಮತ್ತೆ ಮೊದಲಿಂದ. ಕೆಂಪು ಬೆಳಕಾದರೆ ಅಷ್ಟು ತೊಂದರೆ ಇಲ್ಲ. ಹೀಗೆ ಕೂತಿದ್ದಾಗ ಬಂಡೆಯ ಮೈಯಿಂದ ಮರಳಿನ ಕಣಗಳು ಉದುರುವ ಸರಸರ ಸದ್ದು ನನಗೆ ಕೇಳಿಸಿತ್ತು. ಅಂಗೈ ಒಡ್ಡಿದೆ. ನಾಲ್ಕು ಕಣ ಬಿದ್ದವು. ಆ ಬಂಡೆಗೆ ಆ ಆಕಾರ ಬಂದದ್ದು ಹೀಗೇ, ಕಣ ಕಣ ಉದುರಿ.

ಹೊರಡುವಾಗ

ಟೆಂಟ್ ಬಿಚ್ಚುವ ಮುಂಚೆ ಶೂಗಳನ್ನು ಕೊಡವಿಯೇ ಕಾಲು ಹಾಕಿ. ಹಗ್ಗಕ್ಕೆ ಬಳಸಿದ ಕಲ್ಲುಗಳನ್ನು ತಂದ ಕಡೆಯೇ ಇಡಿ, ಕಪ್ಪಾದ ಮಗ್ಗುಲು ಮೇಲೆ ಬರುವ ಹಾಗೆ. ಚೀಲದ ಮರಳನ್ನು ತೋಡಿದ ಜಾಗಕ್ಕೇ ಸುರಿಯಿರಿ. ಆಮೇಲೆ ನೆಲದ ಮಟ್ಟಕ್ಕೆ ಬಗ್ಗಿ ಓರೆಯಾಗಿ ನೋಡಿ. ಬೆಳಗಿನ ಬಿಸಿಲಿಗೆ ಚಾಕೊಲೇಟ್ ಕಾಗದದ ಚೂರು, ಹಗ್ಗದ ತುಣುಕು ಎಲ್ಲ ಫಳ್ ಅಂತ ಹೊಳೆಯುತ್ತವೆ. ಹೆಕ್ಕಿಕೊಳ್ಳಿ. ಕೊನೆಗೆ ಖಾಲಿ ಟೆಂಟನ್ನು ಇಬ್ಬರು ಹಿಡಿದು, ಬಾಗಿಲು ಕೆಳಗೆ ಮಾಡಿ ಚೆನ್ನಾಗಿ ಒದರಿ. ಜಿಪ್ಪಿನ ಹಲ್ಲುಗಳನ್ನು ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಮರಳು ಕೂತರೆ ಜಿಪ್ ಬೇಗ ಹಾಳಾಗುತ್ತದೆ. ಅಲ್ಲಿನ ಮರಳು ಅಲ್ಲೇ ಉದುರಲಿ.